ಮಗುಚುವ ಮುಚ್ಚಳ, ಕಾಣದ ತೋಳು

ಹಿಂಬಾಗಿಲು ಮೇಲಕ್ಕೆ ತೆರೆಯುವ ಯಾವುದಾದರೂ ಕಾರನ್ನು ಗಮನಿಸಿ. ಬೀಗ ಬಿಚ್ಚಿದ ಮೇಲೆ ಬಾಗಿಲನ್ನು ಮೊದಲ ಒಂದು ಗೇಣು ನಾವೇ ಎತ್ತಬೇಕು. ಅಲ್ಲಿಂದ ಮುಂದೆ ಅದು ಯಾರ ಹಂಗೂ ಇಲ್ಲದೆ ತಾನೇ ಮೇಲೇರಿ ನಿಲ್ಲುತ್ತದೆ. ಎರಡು ಬದಿಗೂ ಇರುವ ಕಪ್ಪು ಕೊಳವೆಗಳ ಕೆಲಸ ಅದೆಂದು ಹೆಚ್ಚಿನವರಿಗೆ ಗೊತ್ತು. ಆದರೆ ಇಲ್ಲೊಂದು ತೊಡಕಿದೆ. ಬಾಗಿಲು ಮುಚ್ಚಿದ್ದಾಗಲೇ ಕೊಳವೆಯೊಳಗಿನ ಅನಿಲ ಅತಿ ಹೆಚ್ಚು ಅದುಮಿಕೊಂಡಿರುತ್ತದೆ, ಅದರ ನೂಕು ಅತಿ ಜೋರಾಗಿರುವುದೂ ಆಗಲೇ. ಬಾಗಿಲು ತೆರೆದಂತೆ ನೂಕು ಇಳಿಯುತ್ತ ಹೋಗುತ್ತದೆ. ಅಂದರೆ ಬಲ ತುಂಬಿರುವಾಗ ಸಹಾಯವಿಲ್ಲ, ಬಲ ಕುಗ್ಗಿದ ಮೇಲೆ ಸಹಾಯ ಒದಗುತ್ತದೆ! ಕಾರಿನ ಬಾಗಿಲಿನ ಮಟ್ಟಿಗೆ ಇದೊಂದು ಚಿಕ್ಕ ಕೌತುಕ, ಅಷ್ಟೆ. ಆದರೆ ಅದೇ ಕೊಳವೆಗಳು ಹಾಸಿಗೆ ಸಮೇತ ಅರುವತ್ತು ಕಿಲೋ ತೂಗುವ, ಆಳುದ್ದದ ಮುಚ್ಚಳವೊಂದನ್ನು ಎತ್ತಬೇಕಾದಾಗ ಈ ಕೌತುಕ ಬೆನ್ನುನೋವಾಗುತ್ತದೆ, ಕೆಲವೊಮ್ಮೆ ಅಪಾಯವೂ ಆಗುತ್ತದೆ. ಅಂಥ ಮುಚ್ಚಳ ಮೇಲೇಳದಿದ್ದಾಗ ಎಲ್ಲರಿಗೂ ಮೊದಲು ಹೊಳೆಯುವುದು ‘ಇನ್ನೂ ಬಲವಾದ ಕೊಳವೆ ಹಾಕೋಣ’ ಎಂಬ ಉಪಾಯ. ಬಹಳಷ್ಟು ಸಲ ಅದು ತಪ್ಪು ಉಪಾಯ. ಕೊರತೆ ಇರುವುದು ಬಲದಲ್ಲಲ್ಲ, ಆ ಬಲವನ್ನು ನಿಲ್ಲಿಸಿದ ಜಾಗದಲ್ಲಿ.

ಪಿಕಪ್ಪಿನ ಬೆನ್ನ ಮೇಲೆ ಮಲಗುವ ಕೋಣೆ

ಅಮೆರಿಕದಲ್ಲಿ ಪಿಕಪ್ ವಾಹನಗಳ ಹಿಂದಿನ ತೆರೆದ ತೊಟ್ಟಿಯ ಮೇಲೆ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಮ್ಮಿನ ಗೂಡು ಕೂರಿಸಿ, ಅದನ್ನೇ ಬಿಡಾರ ಮಾಡಿಕೊಂಡು ಮರುಭೂಮಿ, ಬೆಟ್ಟಗಳಲ್ಲಿ ತಿರುಗುವ ರೂಢಿ ಹಳೆಯದು. ಅದರಲ್ಲಿ ಹಲವು ಬಗೆಗಳಿವೆ. ಕೆಲವುಗಳ ಚಾವಣಿ ನೆಟ್ಟಗೆ ಮೇಲೇಳುತ್ತದೆ. ಕೆಲವುಗಳದು ಒಂದು ತುದಿಯಲ್ಲಿ ಮಾತ್ರ ಬೆಣೆಯಂತೆ ಬಾಯಿ ತೆರೆಯುತ್ತದೆ. ಮೂರನೆಯ ಬಗೆಯೇ ಇಲ್ಲಿನ ವಿಷಯ: ಚಾವಣಿ ಪೂರ್ತಿ ಮಗುಚಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ತಯಾರಾಗುತ್ತಿದ್ದ ಫ್ಲಿಪ್‌ಪ್ಯಾಕ್ ಮತ್ತು ಅರಿಜೋನಾದ ಎಟಿ ಓವರ್‌ಲ್ಯಾಂಡ್ ಸಂಸ್ಥೆಯ ಹ್ಯಾಬಿಟ್ಯಾಟ್ ಈ ಜಾತಿಯವು. ಗೂಡಿನ ಮುಂದಿನ ಅಂಚಿನಲ್ಲಿ, ಅಂದರೆ ಚಾಲಕನ ಕೋಣೆಯ ಬೆನ್ನಿಗೆ, ಕೀಲುಗಳಿವೆ. ಹಿಂದಿನ ತುದಿ ಹಿಡಿದು ಎತ್ತಿದರೆ ಮುಚ್ಚಳ ನೆಟ್ಟಗೆ ನಿಂತು, ಅದನ್ನೂ ದಾಟಿ, ಅರ್ಧ ಸುತ್ತು ತಿರುಗಿ ಚಾಲಕನ ಕೋಣೆಯ ಮೇಲೆ ಅಂಗಾತ ಬೀಳುತ್ತದೆ. ಒಳಮೈಗೆ ಕಟ್ಟಿದ ಹಾಸಿಗೆ ಈಗ ಮೇಲಾಗುತ್ತದೆ. ಮಡಚಿಟ್ಟ ಗುಡಾರ ಬಿಚ್ಚಿಕೊಂಡು ಹಾಸಿಗೆಯನ್ನೂ ತೊಟ್ಟಿಯನ್ನೂ ಒಟ್ಟಿಗೆ ಮುಚ್ಚುತ್ತದೆ.

ಈ ಮಗುಚಾಟದಲ್ಲೇ ಎಲ್ಲ ಕಷ್ಟವೂ ಅಡಗಿದೆ. ನೆಟ್ಟಗೆ ಮೇಲೇಳುವ ಚಾವಣಿಗೆ ಬೇಕಾದದ್ದು ಎತ್ತುವ ಬಲ ಮಾತ್ರ. ಮಗುಚುವ ಮುಚ್ಚಳಕ್ಕೆ ಮೊದಲರ್ಧದಲ್ಲಿ ಎತ್ತುವವರು ಬೇಕು, ಎರಡನೆಯ ಅರ್ಧದಲ್ಲಿ ತಡೆದು ಇಳಿಸುವವರು ಬೇಕು. ಒಂದೇ ಜೋಡಿ ಕೊಳವೆಗಳು ಈ ಎರಡು ವಿರುದ್ಧ ಕೆಲಸಗಳನ್ನು ಮಾಡಬೇಕು, ಅದೂ ನೂಕುವುದೊಂದನ್ನೇ ಬಲ್ಲ ಕೊಳವೆಗಳು. ಇದು ಸಾಧ್ಯವೇ ಎಂದರೆ, ಸಾಧ್ಯ. ಹೇಗೆ ಎಂಬುದನ್ನು ತಿಳಿಯಲು ಮೊದಲು ಹೊರೆ ಎಂದರೇನು ಎಂಬುದನ್ನು ಬಿಡಿಸಿಕೊಳ್ಳಬೇಕು.

ತೂಕ ಒಂದೇ, ಹೊರೆ ಬೇರೆ

ಬೀಸುವ ಕಲ್ಲಿನ ಗೂಟ ಅಂಚಿನಲ್ಲೇ ಏಕಿದೆ? ಅದನ್ನು ನಡುವಿನ ಮೊಳೆಯ ಪಕ್ಕದಲ್ಲಿ ನೆಟ್ಟಿದ್ದರೆ ಗಟ್ಟಿ ತೋಳಿನವರೂ ಒಂದು ಸೇರು ರಾಗಿ ಬೀಸುವಷ್ಟರಲ್ಲಿ ಸುಸ್ತಾಗುತ್ತಿದ್ದರು. ಕೈಯ ಬಲ ಅಷ್ಟೇ ಇದ್ದರೂ ಮೊಳೆಯಿಂದ ದೂರ ಹೆಚ್ಚಿದಂತೆ ತಿರುಗಿಸುವ ಶಕ್ತಿ ಹೆಚ್ಚುತ್ತದೆ. ಅದೇ ಕಲ್ಲು ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಂಚಿನ ಗೂಟವನ್ನೇ ಹಿಡಿದು ನಡುವಿನ ಮೊಳೆಯತ್ತ ನೇರವಾಗಿ ನೂಕಿದರೆ, ಎಷ್ಟು ನೂಕಿದರೂ ಕಲ್ಲು ತಿರುಗುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಬರುವುದು ಗೂಟ ಎಲ್ಲಿದೆ ಎಂಬುದಷ್ಟೇ ಅಲ್ಲ. ನೂಕಿನ ಗೆರೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಅದು ತಿರುಗುವ ಬಿಂದುವಿನಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತದೆ ಎಂಬುದು ಮುಖ್ಯ. ಆ ದೂರವನ್ನು ನಾವು ‘ತೋಳು’ ಎನ್ನೋಣ. ಬಲವನ್ನು ತೋಳಿನಿಂದ ಗುಣಿಸಿದರೆ ಸಿಗುವುದು ‘ತಿರುಗುಬಲ’. ಮುಚ್ಚಳದ ತೂಕ ಕೀಲಿನ ಸುತ್ತ ಹೇರುವುದು ‘ತಿರುಗುಹೊರೆ’. ಮುಚ್ಚಳ ಏಳುವುದೂ ಬೀಳುವುದೂ ಇವೆರಡರ ಜಗ್ಗಾಟದಿಂದಲೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮುಚ್ಚಳದ ಉದ್ದ 1.8 ಮೀಟರ್, ಹಾಸಿಗೆ ಸೇರಿ ತೂಕ 60 ಕಿಲೋ, ತೂಕವೆಲ್ಲ ಸಮನಾಗಿ ಹರಡಿದೆ. ಆಗ ತೂಕದ ನಡುಬಿಂದು ಕೀಲಿನಿಂದ 0.9 ಮೀಟರ್ ದೂರದಲ್ಲಿರುತ್ತದೆ. ಅರುವತ್ತನ್ನು 0.9ರಿಂದ ಗುಣಿಸಿದರೆ ತಿರುಗುಹೊರೆ 54. ಹಿಂದಿನ ತುದಿ ಹಿಡಿದು ಎತ್ತುವವರ ಕೈಗೆ ಇದು 30 ಕಿಲೋ ಆಗಿ ತಾಗುತ್ತದೆ. ಮುಚ್ಚಳ ಏರಿದಂತೆ ತೂಕ 60 ಕಿಲೋದಲ್ಲೇ ಉಳಿದರೂ ತಿರುಗುಹೊರೆ ಇಳಿಯುತ್ತದೆ. ತೂಕದ ನಡುಬಿಂದು ಕೀಲಿನ ನೆತ್ತಿಯತ್ತ ಸರಿಯುತ್ತಿರುವುದೇ ಅದಕ್ಕೆ ಕಾರಣ. ಮೂವತ್ತು ಡಿಗ್ರಿಯಲ್ಲಿ ಹೊರೆ ಸುಮಾರು 47, ಅರುವತ್ತರಲ್ಲಿ 27, ತೊಂಬತ್ತರಲ್ಲಿ ಸೊನ್ನೆ. ನೆಟ್ಟಗೆ ನಿಂತ ಮುಚ್ಚಳವನ್ನು ಒಂದು ಬೆರಳಿನಿಂದ ಅತ್ತಿತ್ತ ಆಡಿಸಬಹುದು. ತೊಂಬತ್ತು ದಾಟಿತೋ, ಅದೇ ಹೊರೆ ತಲೆಕೆಳಗಾಗಿ, ಮುಚ್ಚಳ ಮುಂದಕ್ಕೆ ಧುಮುಕಲು ಹವಣಿಸುತ್ತದೆ. ಇಳಿದ ಅಂಕಿಗಳೇ ಮತ್ತೆ ಏರುತ್ತ ಬಂದು ಪೂರ್ತಿ ಮಗುಚುವ ಹೊತ್ತಿಗೆ ಹೊರೆ ಮತ್ತೆ 54 ಮುಟ್ಟುತ್ತದೆ. ಹಾಗಾದರೆ ನಮಗೆ ಬೇಕಾದ ಸಹಾಯ ಎಂಥದ್ದು? ಮೊದಲು ಹೆಚ್ಚು, ಏರಿದಂತೆ ಕಡಿಮೆ, ನೆತ್ತಿಯಲ್ಲಿ ಸೊನ್ನೆ, ಆಮೇಲೆ ಎದುರು ದಿಕ್ಕಿನಲ್ಲಿ ಮತ್ತೆ ಹೆಚ್ಚು. ಕಾರಿನ ಹಿಂಬಾಗಿಲಿನ ಏರ್ಪಾಡು ಇದಕ್ಕೆ ತದ್ವಿರುದ್ಧವಾದದ್ದು. ಅಲ್ಲಿ ಬಾಗಿಲು ಮುಚ್ಚಿದಾಗ ನೂಕಿನ ಗೆರೆ ಕೀಲಿನ ತೀರ ಹತ್ತಿರ ಹಾದುಹೋಗುವಂತೆ ಬೇಕೆಂದೇ ಕೂರಿಸಿರುತ್ತಾರೆ. ತೋಳು ಇಲ್ಲದ್ದರಿಂದ ಅಷ್ಟು ಜೋರಿನ ಬಲವೂ ಬಾಗಿಲನ್ನು ಒದ್ದು ತೆರೆಯುವುದಿಲ್ಲ. ಮೊದಲಿಗೆ ಕೇಳಿದ ಒಗಟಿಗೆ ಉತ್ತರ ಅದೇ.

ಕೊಳವೆಯೊಳಗೆ ಇರುವುದೇನು?

ಗ್ಯಾಸ್ ಸ್ಟ್ರಟ್ ಎಂದು ಅಂಗಡಿಯಲ್ಲಿ ಕೇಳಿ ಕೊಳ್ಳುವ ಈ ‘ಅನಿಲಕೊಳವೆ’ ಒಂದು ಮುಚ್ಚಿದ ಉಕ್ಕಿನ ನಳಿಗೆ. ಒಳಗೆ ಭಾರಿ ಒತ್ತಡದಲ್ಲಿ ತುಂಬಿದ ನೈಟ್ರೋಜನ್, ಜೊತೆಗೆ ಒಂದಿಷ್ಟು ಎಣ್ಣೆ. ನಯವಾದ ಉಕ್ಕಿನ ಸರಳೊಂದು ರಬ್ಬರಿನ ತಡೆಯ ಮೂಲಕ ಒಳಕ್ಕೂ ಹೊರಕ್ಕೂ ಆಡುತ್ತದೆ. ಸರಳಿನ ಒಳತುದಿಯಲ್ಲಿರುವ ಪಿಸ್ಟನ್ನಿನಲ್ಲಿ ಸಣ್ಣ ರಂಧ್ರವಿರುವುದರಿಂದ ಅನಿಲ ಅದರ ಎರಡೂ ಬದಿಗೆ ಹರಡಿಕೊಂಡಿರುತ್ತದೆ. ಎರಡು ಬದಿಯ ಒತ್ತಡವೂ ಒಂದೇ ಆದ್ದರಿಂದ ಪಿಸ್ಟನ್ ಎಷ್ಟೇ ಅಗಲವಿರಲಿ, ನೂಕಿನ ಲೆಕ್ಕಕ್ಕೆ ಸಿಗುವುದು ಸರಳಿನ ದಪ್ಪ ಮಾತ್ರ. ಎಂಟು ಮಿಲಿಮೀಟರ್ ದಪ್ಪದ ಸರಳಿನ ಅಡ್ಡಕೊಯ್ತದ ಹರವು ಸುಮಾರು ಅರ್ಧ ಚದರ ಸೆಂಟಿಮೀಟರ್. ವಾತಾವರಣದ ನೂರು ಪಟ್ಟು ಒತ್ತಡ ತುಂಬಿದ್ದರೆ ಅದರ ನೂಕು 50 ಕಿಲೋ ಆಸುಪಾಸು. ಹತ್ತು ಮಿಲಿಮೀಟರಿನ ಸರಳಾದರೆ ಅದೇ ಒತ್ತಡದಲ್ಲಿ 80 ಕಿಲೋ. ಸರಳು ಒಳಕ್ಕೆ ಹೋದಂತೆ ಅನಿಲದ ಜಾಗವನ್ನು ಆಕ್ರಮಿಸುವುದರಿಂದ ಒತ್ತಡ ಏರುತ್ತದೆ. ಪೂರ್ತಿ ಅದುಮಿದಾಗಿನ ನೂಕು ಪೂರ್ತಿ ಚಾಚಿದಾಗಿನದಕ್ಕಿಂತ ಸಾಮಾನ್ಯವಾಗಿ ಶೇಕಡಾ 20ರಿಂದ 40ರಷ್ಟು ಹೆಚ್ಚು. ನಳಿಗೆಯ ಮೇಲೆ ನ್ಯೂಟನ್ ಲೆಕ್ಕದಲ್ಲಿ ಅಚ್ಚಾಗಿರುವ ಅಂಕಿ ಚಾಚಿದ ಸ್ಥಿತಿಯದ್ದು ಎಂಬುದನ್ನು ಕೊಳ್ಳುವವರು ನೆನಪಿಡಬೇಕು. ಮುಚ್ಚಿದ ಮುಚ್ಚಳದ ಲೆಕ್ಕಕ್ಕೆ ಅದನ್ನೇ ನೇರವಾಗಿ ಹಾಕಿದರೆ ತಪ್ಪುತ್ತದೆ.

ಇನ್ನೊಂದು ಮಾತು. ಅನಿಲಕೊಳವೆ ತನ್ನ ಕಡೆಯಿಂದ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಮುಚ್ಚಳವನ್ನು ಹಿಂದಿನ ಸಲ ಇಳಿಸಿದಾಗ ಅದರ ತೂಕವೇ ಅನಿಲವನ್ನು ಅದುಮಿ ಶಕ್ತಿಯನ್ನು ಅಲ್ಲಿ ಕೂಡಿಟ್ಟಿರುತ್ತದೆ. ಇಂದು ಎತ್ತುವಾಗ ಅದು ವಾಪಸು ಬರುತ್ತದೆ. ಹಾಗಾಗಿ ಅತಿ ಜೋರಿನ ಕೊಳವೆ ಹಾಕಿ ಎತ್ತುವುದನ್ನು ಸಲೀಸು ಮಾಡಿಕೊಂಡವರು ಮುಚ್ಚುವಾಗ ಅದೇ ಪ್ರಮಾಣದಲ್ಲಿ ಒದ್ದಾಡಬೇಕು. ಇಲ್ಲಿ ಬಿಟ್ಟಿಯಾಗಿ ಏನೂ ಸಿಗುವುದಿಲ್ಲ.

ಕೀಲಿನ ನೇರ ಕೆಳಗೆ

ಈಗ ಮುಖ್ಯ ಮಾತಿಗೆ ಬರೋಣ. ಕೊಳವೆಯ ಒಂದು ತುದಿಯನ್ನು ಮುಚ್ಚಳಕ್ಕೆ, ಕೀಲಿನಿಂದ 40 ಸೆಂಟಿಮೀಟರ್ ಹಿಂದೆ ಸಿಕ್ಕಿಸೋಣ. ಇನ್ನೊಂದು ತುದಿಯನ್ನು, ಅಂದರೆ ಬುಡವನ್ನು, ಗೂಡಿನ ಗೋಡೆಗೆ, ಕೀಲಿನ ನೇರ ಕೆಳಗೆ 40 ಸೆಂಟಿಮೀಟರ್ ಆಳದಲ್ಲಿ ಊರೋಣ. ಮುಚ್ಚಿದ್ದಾಗ ಕೊಳವೆ 45 ಡಿಗ್ರಿ ಓರೆಯಾಗಿ ನಿಂತಿರುತ್ತದೆ. ಆಗ ಅದರ ಉದ್ದ 57 ಸೆಂಟಿಮೀಟರ್, ತೋಳು 28 ಸೆಂಟಿಮೀಟರ್. ಮುಚ್ಚಳ ಏರಿದಂತೆ ಕೊಳವೆ ಚಾಚಿಕೊಳ್ಳುತ್ತದೆ. ಮುಚ್ಚಳ ನೆಟ್ಟಗೆ ನಿಂತಾಗ ಬುಡ, ಕೀಲು, ಮೇಲ್ತುದಿ ಮೂರೂ ಒಂದೇ ಗೆರೆಯಲ್ಲಿ ಬರುತ್ತವೆ, ಉದ್ದ 80 ಸೆಂಟಿಮೀಟರ್ ಆಗುತ್ತದೆ, ತೋಳು ಸೊನ್ನೆಯಾಗುತ್ತದೆ. ಬೀಸುವ ಕಲ್ಲಿನ ಗೂಟವನ್ನು ಮೊಳೆಯ ಗೆರೆಯಲ್ಲೇ ನೂಕಿದ ಸ್ಥಿತಿ ಅದು. ಆದರೆ ಆ ಕ್ಷಣದಲ್ಲಿ ತೂಕದ ಹೊರೆಯೂ ಸೊನ್ನೆ. ಅಲ್ಲಿಂದ ಮುಚ್ಚಳ ಮುಂದಕ್ಕೆ ವಾಲಿದೊಡನೆ ಕೊಳವೆಯ ಗೆರೆ ಕೀಲಿನ ಇನ್ನೊಂದು ಬದಿಗೆ ದಾಟುತ್ತದೆ. ನೂಕುವುದು ನಿಂತಿಲ್ಲ, ಆದರೆ ಆ ನೂಕು ಈಗ ಮುಚ್ಚಳವನ್ನು ಹಿಂದಕ್ಕೆ ತಳ್ಳುತ್ತದೆ. ಎತ್ತುತ್ತಿದ್ದ ಕೊಳವೆಯೇ ತಡೆಯಾಗುತ್ತದೆ, ಬೀಳುವ ಮುಚ್ಚಳದ ಭಾರವನ್ನು ನುಂಗಿಕೊಂಡು ಮತ್ತೆ ಅದುಮಿಕೊಳ್ಳುತ್ತದೆ. ಮುಚ್ಚಳದ ಹೊರೆ ಯಾವ ಲಯದಲ್ಲಿ ಇಳಿದು ದಿಕ್ಕು ಬದಲಿಸಿ ಏರುತ್ತದೋ, ಹೆಚ್ಚುಕಡಿಮೆ ಅದೇ ಲಯದಲ್ಲಿ ಕೊಳವೆಯ ಸಹಾಯವೂ ಇಳಿದು ದಿಕ್ಕು ಬದಲಿಸಿ ಏರುತ್ತದೆ. ಯಾವ ಚಕ್ರವೂ ಸರಪಳಿಯೂ ಇಲ್ಲದೆ, ಬುಡವನ್ನು ಸರಿಯಾದ ಜಾಗದಲ್ಲಿ ಊರಿದ್ದರಿಂದಲೇ ಇಷ್ಟೆಲ್ಲ ಆಗುತ್ತದೆ.

ಈ ಹೊಂದಾಣಿಕೆ ಪೂರ್ತಿ ಕರಾರುವಾಕ್ಕಲ್ಲ. ಕರಾರುವಾಕ್ಕಾಗಬೇಕಾದರೆ ಚಾಚಿಕೊಂಡಷ್ಟೂ ನೂಕು ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ಬ್ರಿಟನ್ನಿನ ಎಂಜಿನಿಯರ್ ಜಾರ್ಜ್ ಕಾರ್ವರ್ಡೀನ್ 1932ರಲ್ಲಿ ಹಕ್ಕುಪತ್ರ ಕೋರಿದ ಮೇಜುದೀಪ, ಮುಂದೆ ಆಂಗಲ್‌ಪಾಯಿಸ್ ಎಂಬ ಹೆಸರಿನಲ್ಲಿ ಮನೆಮಾತಾದದ್ದು, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವುದು ಈ ತತ್ವದ ಮೇಲೆ. ಹಿಗ್ಗಿದಂತೆ ಎಳೆತ ಹೆಚ್ಚುವ ಸ್ಪ್ರಿಂಗುಗಳು ಅದರಲ್ಲಿವೆ. ಅನಿಲಕೊಳವೆಯ ಸ್ವಭಾವ ಇದಕ್ಕೆ ವಿರುದ್ಧ, ಚಾಚಿದಂತೆ ಅದರ ನೂಕು ಕುಗ್ಗುತ್ತದೆ. ಅದರ ಪರಿಣಾಮ ನಡುದಾರಿಯಲ್ಲಿ ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಮುಚ್ಚಿದಾಗ ಹೊರೆಯನ್ನು ಸರಿಯಾಗಿ ತೂಗುವಷ್ಟು ಬಲವಿಟ್ಟರೆ, 45 ಡಿಗ್ರಿಯ ಹೊತ್ತಿಗೆ ಸಹಾಯ ಹೊರೆಯ ಮೂರನೇ ಎರಡರಷ್ಟಕ್ಕೂ ಸ್ವಲ್ಪ ಕೆಳಗೆ ಇಳಿದಿರುತ್ತದೆ, ತುದಿ ಹಿಡಿದ ಕೈಗೆ ಸುಮಾರು 8 ಕಿಲೋ ಬರುತ್ತದೆ. ಮೊದಲಿಗೆ ಹಗುರ, ನಡುವೆ ಕೊಂಚ ಭಾರ, ನೆತ್ತಿಯಲ್ಲಿ ಮತ್ತೆ ಹಗುರ. ಮೂವತ್ತು ಕಿಲೋ ಎತ್ತುವುದಕ್ಕೆ ಹೋಲಿಸಿದರೆ ಇದು ಒಬ್ಬರೇ ನಿಭಾಯಿಸಬಹುದಾದ ಕೆಲಸ.

ಬುಡ ಸರಿದರೆ ಏನಾಗುತ್ತದೆ ಎಂಬುದನ್ನೂ ಇಲ್ಲಿಂದಲೇ ಊಹಿಸಬಹುದು. ಬುಡವನ್ನು 10 ಸೆಂಟಿಮೀಟರ್ ಹಿಂದಕ್ಕೆ, ಬಾಲದ ಕಡೆಗೆ ಊರಿದ್ದರೆ ಆರಂಭದ ತೋಳು 28ರಿಂದ 32 ಸೆಂಟಿಮೀಟರಿಗೆ ಏರಿ ಎತ್ತುವುದು ಸಲೀಸಾಗುತ್ತದೆ. ಆದರೆ ಕೊಳವೆ ತನ್ನ ಪಕ್ಷ ಬದಲಿಸುವುದು ಈಗ ನೆತ್ತಿಯಲ್ಲಲ್ಲ, ನೆತ್ತಿ ದಾಟಿ 14 ಡಿಗ್ರಿ ಆದ ಮೇಲೆ. ನಡುವಿನ ಆ 14 ಡಿಗ್ರಿಯಲ್ಲಿ ತೂಕವೂ ಕೊಳವೆಯೂ ಸೇರಿ ಮುಚ್ಚಳವನ್ನು ಮುಂದಕ್ಕೇ ದಬ್ಬುತ್ತವೆ. ಕೈ ಸಡಿಲಿಸಿದವರ ಮುಚ್ಚಳ ಧಡಾರನೆ ಚಾಲಕನ ಕೋಣೆಯ ಮೇಲೆ ಬಡಿಯುತ್ತದೆ. ಬುಡ ಕೀಲಿಗಿಂತ ಮುಂದಿದ್ದರೆ ಕೊಳವೆ ನೆತ್ತಿ ಮುಟ್ಟುವ ಮೊದಲೇ ಪಕ್ಷ ಬದಲಿಸಿ, ಮುಚ್ಚಳ ಕೊನೆಯ ಗಳಿಗೆಯಲ್ಲಿ ಮೊಂಡು ಹಿಡಿಯುತ್ತದೆ. ಹೀಗಾಗಿ ಮುಚ್ಚಳ ಎಲ್ಲಿ ಹಟ ಮಾಡುತ್ತದೆ ಎಂಬುದನ್ನು ನೋಡಿಯೇ ಬುಡ ಯಾವ ಕಡೆಗೆ ತಪ್ಪಿದೆ ಎಂದು ಹೇಳಬಹುದು.

ಇನ್ನೂ ಬಲವಾದ ಕೊಳವೆ ಹಾಕಿದರಾಗದೆ?

ಇಷ್ಟೆಲ್ಲ ಲೆಕ್ಕ ಏಕೆ, ದುಪ್ಪಟ್ಟು ಬಲದ ಕೊಳವೆ ಕೊಂಡರೆ ಮುಗಿಯಿತಲ್ಲ ಎನ್ನುವ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ತೋಳು ಚಿಕ್ಕದಾದರೇನು, ಬಲ ದೊಡ್ಡದಾದರೆ ಗುಣಲಬ್ಧ ಅಷ್ಟೇ ಬರುತ್ತದೆ. ಗಣಿತದಲ್ಲಿ ಇದು ಸರಿ, ಆದರೆ ಆ ಬಲವನ್ನೆಲ್ಲ ಹೊರಬೇಕಾದ ಕೀಲಿನ ಸ್ಕ್ರೂಗಳಿಗೆ ಅದು ಸರಿಹೋಗುವುದಿಲ್ಲ. ಬುಡವನ್ನು ಕೀಲಿನಿಂದ ಹತ್ತೇ ಸೆಂಟಿಮೀಟರ್ ಕೆಳಗೆ ಊರಿದ ಗೂಡೊಂದನ್ನು ನೆನೆಯಿರಿ. ಉಳಿದ ಅಳತೆಗಳೆಲ್ಲ ಮೊದಲಿನವೇ. ಆಗ ತೋಳು 28 ಸೆಂಟಿಮೀಟರ್ ಅಲ್ಲ, ಹತ್ತಕ್ಕೂ ಕಡಿಮೆ. ಹೊರೆ 54ನ್ನು ತೂಗಲು ಎರಡೂ ಕೊಳವೆ ಸೇರಿ ಸುಮಾರು 555 ಕಿಲೋ ನೂಕಬೇಕು. ನಲವತ್ತು ಸೆಂಟಿಮೀಟರ್ ಆಳದ ಬುಡಕ್ಕೆ 190 ಕಿಲೋ ಸಾಕಿತ್ತು. ಹೆಚ್ಚಿನ ಆ ಬಲವೆಲ್ಲ ಎಲ್ಲಿಗೆ ಹೋಯಿತು? ಕೊಳವೆ ಬಹುಮಟ್ಟಿಗೆ ಅಡ್ಡ ಮಲಗಿರುವುದರಿಂದ ಅದರ ನೂಕಿನ ಸಿಂಹಪಾಲು ಮುಚ್ಚಳವನ್ನು ಮೇಲಕ್ಕಲ್ಲ, ಹಿಂದಕ್ಕೆ ತಳ್ಳುತ್ತದೆ. ಹಾಗೆ ಜಾರಿಹೋಗದಂತೆ ಮುಚ್ಚಳವನ್ನು ಹಿಡಿದಿರುವುದು ಕೀಲುಗಳು ಮಾತ್ರ. ಮೊದಲ ಏರ್ಪಾಡಿನಲ್ಲಿ ಕೀಲುಗಳ ಮೇಲಿನ ಈ ಅಡ್ಡ ಎಳೆತ 135 ಕಿಲೋ, ಎರಡನೆಯದರಲ್ಲಿ 540 ಕಿಲೋ. ವಾಹನ ನಿಂತಿರಲಿ ಓಡಲಿ, ಮುಚ್ಚಳ ಮುಚ್ಚಿರುವಷ್ಟು ಹೊತ್ತೂ, ತಿಂಗಳುಗಟ್ಟಲೆ, ಈ ಎಳೆತ ಇದ್ದೇ ಇರುತ್ತದೆ. ಫೈಬರ್‌ಗ್ಲಾಸಿನ ತೆಳುಪದರಕ್ಕೆ ನೇರವಾಗಿ ತಿರುಪಿದ ಸ್ಕ್ರೂಗಳ ತೂತು ಮೊದಲು ಅಗಲವಾಗುತ್ತದೆ, ಸುತ್ತ ಜೇಡನ ಬಲೆಯಂಥ ಸೀಳು ಮೂಡುತ್ತದೆ, ಅಲ್ಲಿಂದ ನೀರು ಇಳಿಯುತ್ತದೆ. ಪದರಗಳ ನಡುವೆ ಮರದ ಹಲಗೆಯಿದ್ದರೆ ಅದು ನೀರು ಕುಡಿದು ಮುಚ್ಚಳದ ತೂಕ ಇನ್ನಷ್ಟು ಹೆಚ್ಚುತ್ತದೆ. ಬಲ ಹೆಚ್ಚಿಸಿ ಪರಿಹರಿಸಲು ಹೊರಟ ಸಮಸ್ಯೆಯೇ ಹೀಗೆ ಬೆಳೆದು ವಾಪಸು ಬರುತ್ತದೆ.

ತಯಾರಿಸಿದವರು ಲೆಕ್ಕ ಹಾಕಿಯೇ ಕೂರಿಸಿರುತ್ತಾರೆ, ನಾವೇಕೆ ಜಾಗ ಬದಲಿಸಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಮುಚ್ಚಳದ ತೂಕ ಹೊಸತರಲ್ಲಿದ್ದಂತೆಯೇ ಉಳಿದಿದ್ದರೆ ಬದಲಿಸುವ ಅಗತ್ಯವಿಲ್ಲ, ಹಳೆಯ ಕೊಳವೆಗಳ ಜಾಗದಲ್ಲಿ ಅದೇ ಬಲದ ಹೊಸ ಜೋಡಿ ಹಾಕಿದರೆ ಸಾಕು. ಆದರೆ ಮುಚ್ಚಳ ಹಾಗೆಯೇ ಉಳಿಯುವುದು ಅಪರೂಪ. ದಪ್ಪ ಹಾಸಿಗೆ ಬರುತ್ತದೆ, ಹೊದಿಕೆಗಳನ್ನು ಒಳಗೇ ಮಡಚಿಡುವ ಅಭ್ಯಾಸವಾಗುತ್ತದೆ, ಮೇಲೊಂದು ಸೌರಫಲಕ ಸೇರುತ್ತದೆ. ಹತ್ತು ಕಿಲೋದ ಫಲಕವನ್ನು ಕೀಲಿನಿಂದ 1.2 ಮೀಟರ್ ದೂರದಲ್ಲಿ ಕೂರಿಸಿದರೆ ಹೊರೆಗೆ ಸೇರುವುದು 12, ಅರ್ಧ ಮೀಟರ್ ದೂರದಲ್ಲಿ ಕೂರಿಸಿದರೆ 5 ಮಾತ್ರ. ಮುಚ್ಚಳ ಮಗುಚಿದ ಮೇಲೆ ಅದರ ಹೊರಮೈ ನೆಲ ನೋಡುತ್ತದೆ. ಬಿಡಾರ ಹೂಡಿದಷ್ಟು ಹೊತ್ತೂ ಆ ಫಲಕಕ್ಕೆ ಬಿಸಿಲು ತಾಗುವುದಿಲ್ಲ. ಇಂಥ ಮುಚ್ಚಳದ ಮೇಲೆ ಫಲಕ ಹೊರಿಸುವ ಮುನ್ನ ಇದೊಂದನ್ನು ಯೋಚಿಸಿದರೆ ಹತ್ತು ಕಿಲೋ ಉಳಿಯುತ್ತದೆ.

ಮೋಟಾರು, ಎದುರುತೂಕ, ಹಗ್ಗ

ಹನ್ನೆರಡು ವೋಲ್ಟಿನಲ್ಲಿ ಓಡುವ ವಿದ್ಯುತ್ ನೂಕುದಂಡಗಳನ್ನು ಕೊಳವೆಗಳ ಬದಲು ಕೂರಿಸುವವರಿದ್ದಾರೆ. ಅವುಗಳಲ್ಲೊಂದು ಒಳ್ಳೆಯ ಗುಣವಿದೆ. ಒಳಗಿನ ತಿರುಪು ಹಿಂದಕ್ಕೆ ಜಾರದಂತೆ ಮಾಡಿದ್ದರೆ, ಎಲ್ಲಿ ನಿಲ್ಲಿಸಿದರೂ ಮುಚ್ಚಳ ಅಲ್ಲೇ ನಿಲ್ಲುತ್ತದೆ. ಆದರೆ ತೋಳಿನ ನಿಯಮ ಮೋಟಾರಿಗೂ ತಪ್ಪಿದ್ದಲ್ಲ. ನೆತ್ತಿಯಲ್ಲಿ ತೋಳು ಸೊನ್ನೆಯಾಗುವುದರಿಂದ ನೂಕುದಂಡ ಪೂರ್ತಿ ಚಾಚಿ ಅಲ್ಲೇ ಸಿಕ್ಕಿಬೀಳುತ್ತದೆ. ಮುಚ್ಚಳವನ್ನು ಆಚೆಗೆ ದಾಟಿಸಲು ಅದಕ್ಕೆ ಸಾಧ್ಯವಿಲ್ಲ, ಕೈಯೇ ಬೇಕು. ದಾಟಿದ ಮೇಲೆ ಮೋಟಾರನ್ನು ಉಲ್ಟಾ ತಿರುಗಿಸಿ ಇಳಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ, ಮೋಟಾರು ಸೋಲನ್ನು ಒಪ್ಪುವುದಿಲ್ಲ. ಕೊಳವೆಗೆ ಎದುರು ಒತ್ತಿದರೆ ಅದು ಅದುಮಿಕೊಳ್ಳುತ್ತದೆ. ಮೋಟಾರಾದರೋ, ಎಲ್ಲೋ ಗುಡಾರದ ಬಟ್ಟೆ ಸಿಕ್ಕಿಕೊಂಡಿದ್ದರೂ ಏನಾದರೂ ಮುರಿಯುವವರೆಗೆ ನೂಕುತ್ತಲೇ ಇರುತ್ತದೆ. ಬ್ಯಾಟರಿ ಇಳಿದ ದಿನ ತೆರೆದ ಮುಚ್ಚಳ ಮುಚ್ಚದೆ ವಾಹನ ಹೊರಡುವಂತಿಲ್ಲ.

ಕೀಲಿನ ಆಚೆಗೆ ಎದುರುತೂಕ ಕಟ್ಟುವುದು ತತ್ವದಲ್ಲಿ ಎಲ್ಲಕ್ಕಿಂತ ಚೊಕ್ಕ. ತೂಕಕ್ಕೆ ತೂಕ, ಯಾವ ಕೋನದಲ್ಲೂ ತಪ್ಪದ ಸಮತೋಲ. ಆದರೆ 40 ಸೆಂಟಿಮೀಟರ್ ತೋಳಿನಲ್ಲಿ 54ರ ಹೊರೆ ತೂಗಲು 135 ಕಿಲೋ ಕಬ್ಬಿಣ ಬೇಕು. ಮಧ್ಯಮ ಗಾತ್ರದ ಪಿಕಪ್ ಒಟ್ಟು ಹೊರಬಲ್ಲದ್ದೇ 500ರಿಂದ 700 ಕಿಲೋ. ಅದರ ನಾಲ್ಕನೇ ಒಂದು ಭಾಗವನ್ನೋ ಐದನೇ ಒಂದು ಭಾಗವನ್ನೋ ಬರೀ ಕಬ್ಬಿಣಕ್ಕೆ ಕೊಡುವುದು ದುಂದು. ಎರಡೂ ಸೇರಿ ಒಂದೆರಡು ಕಿಲೋ ತೂಗುವ ಕೊಳವೆಗಳು ಅದೇ ಕೆಲಸ ಮಾಡುತ್ತವೆ. ಹಗ್ಗ ಮತ್ತು ಕೈರಾಟೆಯ ಉಪಾಯ ಕೀಲಿನ ಮುಂದೆ ಎತ್ತರದ ಕಂಬವೊಂದನ್ನು ಬೇಡುತ್ತದೆ, ಏಕೆಂದರೆ ಹಗ್ಗ ಎಳೆಯಬಲ್ಲದೇ ಹೊರತು ನೂಕಲಾರದು. ಹಾಗೆಂದು ಹಗ್ಗವನ್ನು ಪೂರ್ತಿ ಬಿಡಬೇಕಿಲ್ಲ. ಮುಚ್ಚಳದ ಹಿಂತುದಿಗೆ ಕಟ್ಟಿದ ಗಟ್ಟಿ ಪಟ್ಟಿಯೊಂದು, ನೆತ್ತಿ ದಾಟಿದ ಮೇಲೆ ಹಿಂದೆ ನಿಂತವರ ಕೈಯಲ್ಲಿ ಕಡಿವಾಣವಾಗುತ್ತದೆ. ಕೊಳವೆ ಕೈಕೊಟ್ಟ ದಿನ ಅದೇ ದಿಕ್ಕು.

ಬೆಳಿಗ್ಗೆ ಭಾರ, ಮಧ್ಯಾಹ್ನ ಹಗುರ

ಕೊಳವೆ ಹಳತಾಯಿತು ಎಂದು ತೀರ್ಮಾನಿಸುವ ಮೊದಲು ಹವೆಯನ್ನು ನೋಡಬೇಕು. ಮುಚ್ಚಿದ ನಳಿಗೆಯ ಅನಿಲದ ಒತ್ತಡ ಮೂರು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ ಒಂದರಂತೆ ಏರಿಳಿಯುತ್ತದೆ. ಕೊಳವೆಯ ಮೇಲಿನ ಅಂಕಿ 20 ಡಿಗ್ರಿಯ ಲೆಕ್ಕದ್ದು. ಕೊಲರಾಡೋದ ಬೆಟ್ಟದಲ್ಲಿ ಬೆಳಿಗ್ಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೆ ಬಲ ಶೇಕಡಾ 10ರಷ್ಟು ಕುಗ್ಗಿ, ನಮ್ಮ ಮುಚ್ಚಳ ತುದಿಯಲ್ಲಿ 3 ಕಿಲೋ ಹೆಚ್ಚು ತೂಗುತ್ತದೆ. ಅರಿಜೋನಾದ ಮರುಭೂಮಿಯಲ್ಲಿ 45 ಡಿಗ್ರಿ ಇರುವಾಗ ಅದೇ ಕೊಳವೆಗಳ ಬಲ ಶೇಕಡಾ ಎಂಟಕ್ಕೂ ಹೆಚ್ಚು ಏರಿ, ಚಿಲಕ ಬಿಚ್ಚಿದೊಡನೆ ಮುಚ್ಚಳ ತಾನೇ ಏಳಲು ನೋಡುತ್ತದೆ. ಆದ್ದರಿಂದ ಮುಚ್ಚಿದ ಸ್ಥಿತಿಯಲ್ಲಿ ಪೂರ್ತಿ ನೂರಕ್ಕೆ ನೂರು ತೂಗುವ ಬಲ ಬೇಡ. ಶೇಕಡಾ 85ರಿಂದ 90ರಷ್ಟು ತೂಗಿದರೆ ಬಿಸಿಲಿನಲ್ಲೂ ಮುಚ್ಚಳ ಸುಮ್ಮನಿರುತ್ತದೆ, ಚಳಿಯಲ್ಲೂ ಕೈಗೆ ನಿಲುಕುತ್ತದೆ. ದಾರಿಯ ಕುಲುಕಾಟಕ್ಕೆ ಚಿಲಕ ಬಿಚ್ಚಿಕೊಂಡರೂ ಮುಚ್ಚಳ ಹಾರಿ ನಿಲ್ಲುವುದಿಲ್ಲ.

ರಿಪೇರಿಗೆ ಕೈಹಾಕುವ ಮುನ್ನ

ಮೊದಲ ಕೆಲಸ ಕೊಳ್ಳುವುದಲ್ಲ, ಅಳೆಯುವುದು. ಮುಚ್ಚಳಕ್ಕೆ ಗಟ್ಟಿ ಊರುಗೋಲು ಕೊಟ್ಟು ಕೊಳವೆಗಳನ್ನು ಬಿಚ್ಚಿ, ಇಬ್ಬರು ಸೇರಿ ಮುಚ್ಚಳ ಇಳಿಸಿ, ಹಿಂತುದಿಗೆ ಪ್ರಯಾಣದ ಚೀಲ ತೂಗುವಂಥ ಕೊಕ್ಕೆತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆಯಬೇಕು. ಎಳೆತ ಮುಚ್ಚಳಕ್ಕೆ ಲಂಬವಾಗಿರಬೇಕು. ತಕ್ಕಡಿ ತೋರಿಸಿದ ಕಿಲೋವನ್ನು ಮುಚ್ಚಳದ ಉದ್ದದಿಂದ ಗುಣಿಸಿದರೆ ಅದೇ ನಿಜವಾದ ತಿರುಗುಹೊರೆ. ಹಾಸಿಗೆ, ಹೊದಿಕೆ, ಫಲಕ ಎಲ್ಲ ಅದರಲ್ಲಿ ಸೇರಿಬಿಟ್ಟಿರುತ್ತವೆ. ಆಮೇಲೆ ಗೂಡಿನ ಪಕ್ಕದ ಗೋಡೆಯ ನಕ್ಷೆಯನ್ನು ರಟ್ಟಿನ ಮೇಲೆ ಚಿಕ್ಕದಾಗಿ ಬರೆದು, ಕೀಲಿನ ಜಾಗಕ್ಕೊಂದು ಗುಂಡುಸೂಜಿ ಚುಚ್ಚಿ, ಮುಚ್ಚಳದ ಬದಲು ರಟ್ಟಿನ ಪಟ್ಟಿ ಇಟ್ಟು ತಿರುಗಿಸಿ ನೋಡಬೇಕು. ಬುಡವನ್ನು ಎಲ್ಲಿಟ್ಟರೆ ಮುಚ್ಚಿದಾಗ ತೋಳು ಎಷ್ಟು, ಪಕ್ಷ ಬದಲಾಗುವುದು ಎಲ್ಲಿ, ಕೊಳವೆ ಎಷ್ಟು ಚಾಚಬೇಕು ಎಂಬ ಮೂರೂ ಸಂಗತಿ ಅಳತೆಪಟ್ಟಿಯಿಂದಲೇ ತಿಳಿಯುತ್ತವೆ. ಕೊಳವೆ ಪೂರ್ತಿ ಚಾಚಿದ ಉದ್ದ ನೆತ್ತಿಯಲ್ಲಿ ಬೇಕಾದುದಕ್ಕಿಂತ ಒಂದು ಸೆಂಟಿಮೀಟರಾದರೂ ಹೆಚ್ಚಿರಬೇಕು. ಕಡಿಮೆಯಾದರೆ ಮುಚ್ಚಳ ನೆತ್ತಿಗೆ ಮುಂಚೆಯೇ ನಿಂತು, ತುದಿಯ ಗುಂಡುಕೀಲು ಕಿತ್ತುಬರುತ್ತದೆ. ಪೂರ್ತಿ ಅದುಮಿದ ಉದ್ದವೂ ಮುಚ್ಚಿದಾಗಿನ ಜಾಗಕ್ಕಿಂತ ಕಡಿಮೆಯಿರಬೇಕು, ಇಲ್ಲವಾದರೆ ಮುಚ್ಚಳ ಮುಚ್ಚುವುದೇ ಇಲ್ಲ.

ಬುಡದ ಹೊಸ ಜಾಗವನ್ನು ಭದ್ರ ಮಾಡುವುದೇ ನಿಜವಾದ ಮಾರ್ಪಾಡು. ಫೈಬರ್‌ಗ್ಲಾಸಿಗೆ ಸ್ಕ್ರೂ ತಿರುಪಿ ಕೈತೊಳೆದುಕೊಳ್ಳುವಂತಿಲ್ಲ. ಗೋಡೆಯ ಆಚೆಗೆ ಅಂಗೈಯಗಲದ ಲೋಹದ ತಟ್ಟೆ ಇಟ್ಟು, ಬೋಲ್ಟನ್ನು ಆರಪಾರ ತೂರಿಸಿ ಬಿಗಿದರೆ ಎಳೆತ ಒಂದು ತೂತಿನ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ಕೀಲುಗಳಿಗೂ ಅದೇ ಉಪಚಾರ ಬೇಕು. ಅಲ್ಯೂಮಿನಿಯಮ್ ತಟ್ಟೆ, ಸ್ಟೇನ್‌ಲೆಸ್ ಬೋಲ್ಟು ಒಂದಕ್ಕೊಂದು ತಾಗಿ ತೇವದಲ್ಲಿ ಅಲ್ಯೂಮಿನಿಯಮ್ ಸವೆಯುವುದರಿಂದ ನಡುವೆ ತೇವ ತಡೆಯುವ ಲೇಪ ಇರಲಿ. ಕೊಳವೆಯ ಸರಳು ಬುಡದ ಕಡೆ, ಅಂದರೆ ಕೆಳಕ್ಕೆ ಇರಲಿ. ಒಳಗಿನ ಎಣ್ಣೆ ಆಗ ರಬ್ಬರಿನ ತಡೆಯ ಮೇಲೆ ನಿಂತು ಅದು ಒಣಗದಂತೆ ಕಾಯುತ್ತದೆ. ಸರಳಿನ ಮೇಲೆ ಎಣ್ಣೆಯ ಜಿಡ್ಡು ಕಂಡರೆ ತಡೆ ಸೋತಿದೆ ಎಂದರ್ಥ. ಇಕ್ಕಳದಲ್ಲಿ ಸರಳನ್ನು ಹಿಡಿದರೆ ಬೀಳುವ ಸಣ್ಣ ಗೀರೂ ಆ ತಡೆಯನ್ನು ಹರಿಯುತ್ತದೆ. ಕೊಳವೆಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಒಂದು ಹೊಸತು, ಒಂದು ಹಳತಾದರೆ ಮುಚ್ಚಳ ತಿರುಚಿಕೊಂಡು ಒಂದು ಬದಿಯ ಕೀಲು ಮೊದಲು ಸಾಯುತ್ತದೆ. ಬಿಚ್ಚಿದ ಹಳೆಯ ಕೊಳವೆಯನ್ನು ಕೊರೆಯುವುದು, ಕತ್ತರಿಸುವುದು, ಬೆಂಕಿಗೆ ಹಾಕುವುದು ಜೀವಕ್ಕೆ ಅಪಾಯ, ಬಲಗುಂದಿದ ಕೊಳವೆಯಲ್ಲೂ ಭಾರಿ ಒತ್ತಡ ಉಳಿದಿರುತ್ತದೆ. ಮಗುಚಿದ ಮುಚ್ಚಳದ ಮೇಲೆ ಮಲಗುವವರ ಭಾರ ಕೊಳವೆಗಳ ಮೇಲೆ ಎಂದೂ ಬೀಳಕೂಡದು. ಅದಕ್ಕೆ ಚಾಲಕನ ಕೋಣೆಯ ಮೇಲಿನ ಚೌಕಟ್ಟೋ ಊರುಗಾಲುಗಳೋ ಇರಬೇಕು.

ಒಟ್ಟಿನಲ್ಲಿ, ಮುಚ್ಚಳ ಮೇಲೇಳದಿದ್ದರೆ ಅನುಮಾನ ಪಡಬೇಕಾದ ಕ್ರಮ ಇದು: ಮೊದಲು ಹವೆ, ಆಮೇಲೆ ಹೆಚ್ಚಿದ ತೂಕ, ಆಮೇಲೆ ಬುಡದ ಜಾಗ, ಕೊನೆಗೆ ಕೊಳವೆಯ ಬಲ. ಹತ್ತು ಸೆಂಟಿಮೀಟರ್ ಆಳದ ಬುಡವನ್ನು ನಲವತ್ತಕ್ಕೆ ಇಳಿಸಿದರೆ ಬೇಕಾಗುವ ಬಲ ಮೂರನೇ ಒಂದರ ಆಸುಪಾಸಿಗೆ ಇಳಿಯುತ್ತದೆ, ಕೀಲಿನ ಮೇಲಿನ ಎಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಯಾವ ದುಬಾರಿ ಕೊಳವೆಯೂ ಕೊಡದ ಲಾಭ ಇದು. ಆದರೂ ಎಷ್ಟೇ ಚೆನ್ನಾಗಿ ತೂಗಿದ ಮುಚ್ಚಳವನ್ನೂ ಪೂರ್ತಿ ನಂಬಬೇಡಿ. ಅದರ ಕೆಳಗೆ ತಲೆ ಒಡ್ಡುವ ಮೊದಲು ಊರುಗೋಲು ಕೊಡಿ.